ರೂತಳ ಭಾವಶುದ್ಧಿಯೂ ಊರಿನ ಅಂಗೀಕಾರವೂ

ಹೀಬ್ರೂ ಬೈಬಲ್ಲಿನಲ್ಲಿ ಸೇರಿರುವ ಗ್ರಂಥಗಳೊಳಗೆ ರೂತಳ ಗ್ರಂಥವು ಬಹು ಚಿಕ್ಕದು. ನಾಲ್ಕು ಅಧ್ಯಾಯಗಳು, ಒಟ್ಟು ೮೫ ವಾಕ್ಯಗಳು; ಅಷ್ಟರಲ್ಲಿ ಕಥೆ ಮುಗಿಯುತ್ತದೆ. ಅದರಲ್ಲಿ ಯುದ್ಧವಿಲ್ಲ, ಪ್ರವಾದಿಯ ಗರ್ಜನೆಯಿಲ್ಲ, ಪವಾಡವೆನ್ನತಕ್ಕದ್ದೂ ಇಲ್ಲ. ಬರಗಾಲದಿಂದ ಮನೆ ಬಿಟ್ಟವರು, ವಿಧವೆಯರಾದ ಅತ್ತೆಸೊಸೆಯರು, ಕೊಯ್ಲಿನ ಹೊಲ, ರಾಶಿಯ ಕಣ, ಊರಬಾಗಿಲಿನಲ್ಲಿ ಕುಳಿತ ಹಿರಿಯರು—ಇಷ್ಟೇ ಇದರ ಸಾಮಗ್ರಿ. ಆದರೂ ಅನ್ಯಕುಲದವರೊಬ್ಬರು ಯೆಹೂದ್ಯಮತವನ್ನು ಪ್ರವೇಶಿಸಲು ಬಂದಾಗ ಅವರನ್ನು ಹೇಗೆ ಪರೀಕ್ಷಿಸಬೇಕು, ಹೇಗೆ ಅಂಗೀಕರಿಸಬೇಕು ಎಂಬ ವಿಚಾರದಲ್ಲಿ ಎರಡು ಸಹಸ್ರ ವರ್ಷಗಳಿಂದ ಯೆಹೂದ್ಯ ಪಂಡಿತರು ಈ ಪುಟ್ಟ ಕಥೆಯ ಕಡೆಗೆ ಮತ್ತೆ ಮತ್ತೆ ತಿರುಗಿದ್ದಾರೆ. ಧರ್ಮೋಪದೇಶವು ದೊರೆತ ನೆನಪಿಗಾಗಿ ಆಚರಿಸುವ ಷಾವೂಓತ್ ಹಬ್ಬದಲ್ಲಿ ಇದನ್ನು ಪಾರಾಯಣಮಾಡುವ ಪದ್ಧತಿಯೂ ಉಂಟು.

ಈ ವಿಚಾರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಬಂದವನ ಮನಸ್ಸು ಶುದ್ಧವೆಂಬುದನ್ನು ಇತರರು ತಿಳಿಯುವುದು ಹೇಗೆ ಎಂಬುದು ಒಂದು. ತಿಳಿದಮೇಲೆ ಅವನನ್ನು ತಮ್ಮವನೆಂದು ಹೇಳತಕ್ಕವರು ಯಾರು ಎಂಬುದು ಇನ್ನೊಂದು. ಮೊದಲನೆಯದನ್ನು ಭಾವಶುದ್ಧಿಯ ಪ್ರಶ್ನೆಯೆಂದೂ ಎರಡನೆಯದನ್ನು ಅಂಗೀಕಾರದ ಪ್ರಶ್ನೆಯೆಂದೂ ಕರೆಯಬಹುದು. ರೂತಳ ಗ್ರಂಥವು ಈ ಎರಡನ್ನೂ ಕಾವ್ಯದ ರೀತಿಯಲ್ಲಿ ಹೇಗೆ ಬಿಡಿಸುತ್ತದೆ, ಧರ್ಮಶಾಸ್ತ್ರಕಾರರು ಆ ಕಾವ್ಯವನ್ನು ಹೇಗೆ ಓದಿದರು, ಆ ಓದಿನಿಂದ ಲಾಭವಾದುದೇನು, ನಷ್ಟವಾದುದೇನು ಎಂಬುದನ್ನು ಇಲ್ಲಿ ವಿಮರ್ಶಿಸಲು ಉದ್ದೇಶಿಸಿದೆ.

೧

ಕಥಾವಸ್ತುವನ್ನು ಸಂಗ್ರಹವಾಗಿ ಹೇಳಿ ಮುಂದುವರಿಯುವುದು ಉಚಿತ. ನ್ಯಾಯಾಧಿಪತಿಗಳ ಕಾಲದಲ್ಲಿ ಬೇತ್ಲೆಹೇಮಿನ ಎಲೀಮೆಲೆಕನು ಬರಕ್ಕೆ ಅಂಜಿ ಹೆಂಡತಿಯಾದ ನೊವೊಮಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಮೋವಾಬ್ ದೇಶಕ್ಕೆ ಹೋಗುತ್ತಾನೆ, ಅಲ್ಲಿಯೇ ಸಾಯುತ್ತಾನೆ. ಮಕ್ಕಳು ಆ ನಾಡಿನ ಒರ್ಫಾ, ರೂತ್ ಎಂಬ ಹೆಣ್ಣುಗಳನ್ನು ಮದುವೆಯಾಗಿ, ಸುಮಾರು ಹತ್ತು ವರ್ಷಗಳ ತರುವಾಯ ಮಕ್ಕಳಿಲ್ಲದೆಯೇ ತೀರಿಕೊಳ್ಳುತ್ತಾರೆ. ನೊವೊಮಿಯು ತವರಿಗೆ ಹೊರಟು, ಸೊಸೆಯರನ್ನು ಅವರವರ ತಾಯಿಯ ಮನೆಗೆ ಹಿಂದಿರುಗಿರೆಂದು ಒತ್ತಾಯಪಡಿಸುತ್ತಾಳೆ. ಒರ್ಫಾ ಅತ್ತು, ಮುತ್ತಿಟ್ಟು ಹಿಂದಿರುಗುತ್ತಾಳೆ. ರೂತಳು ಬಿಡದೆ ಅತ್ತೆಯ ಜೊತೆಯಲ್ಲಿ ಬರುತ್ತಾಳೆ. ಬೇತ್ಲೆಹೇಮಿನಲ್ಲಿ ಅದು ಜವೆಗೋದಿಯ ಸುಗ್ಗಿ. ಹಕ್ಕಲಾಯಲು ಹೋದ ರೂತಳಿಗೆ ಮಾವನ ಬಳಗದ ಬೋವಜನ ಹೊಲವೇ ದೊರೆಯುತ್ತದೆ. ಅವನ ದಯೆ, ರಾತ್ರಿಯಲ್ಲಿ ಕಣದ ಮೇಲೆ ಅವಳು ಅವನನ್ನು ಆಶ್ರಯಕ್ಕಾಗಿ ಕೇಳುವುದು, ಅವನಿಗಿಂತ ಹತ್ತಿರದ ದಾಯಾದಿಯು ಊರಬಾಗಿಲಿನಲ್ಲಿ ತನ್ನ ಹಕ್ಕನ್ನು ಬಿಟ್ಟುಕೊಡುವುದು, ಮದುವೆ, ಓಬೇದನ ಜನನ—ಹೀಗೆ ಕಥೆ ಸಾಗುತ್ತದೆ. ಓಬೇದನ ಮೊಮ್ಮಗನೇ ದಾವೀದರಾಜ.

ದಾರಿಯಲ್ಲಿ ರೂತಳು ಆಡುವ ಮಾತು ಈ ಗ್ರಂಥದ ಹೃದಯವೆಂದು ಎಲ್ಲರೂ ಒಪ್ಪಿರುವರು. ಅದರಲ್ಲಿ ಆರು ವಿಷಯಗಳಿವೆ: ಅತ್ತೆಯ ದಾರಿ, ಅತ್ತೆಯ ಬಿಡಾರ, ಅತ್ತೆಯ ಜನ, ಅತ್ತೆಯ ದೇವರು, ಅತ್ತೆಯ ಮರಣಸ್ಥಾನ, ಅತ್ತೆಯ ಸಮಾಧಿ. ಇವೆಲ್ಲವೂ ಇನ್ನು ತನ್ನವು ಎಂಬುದು ಅವಳ ನಿಶ್ಚಯ. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ದೇವರ ಪ್ರಸ್ತಾಪವು ನಾಲ್ಕನೆಯದು. ಅವಳು ಸಿದ್ಧಾಂತವನ್ನು ವಿಚಾರಮಾಡಿ, ಮೋವಾಬಿನ ದೇವತೆಗಿಂತ ಇಸ್ರಾಯೇಲಿನ ದೇವರು ಸತ್ಯನೆಂದು ನಿರ್ಣಯಿಸಿ ಹೊರಟವಳಲ್ಲ. ಒಬ್ಬ ಮುದುಕಿಯನ್ನು ಬಿಡಲಾರದೆ ಹೊರಟವಳು. ಆ ಮುದುಕಿಯೊಡನೆ ಅವಳ ಜನವೂ, ಜನದೊಡನೆ ದೇವರೂ ಬಂದರು. ಎರಡನೆಯದಾಗಿ, ಜನವನ್ನೂ ದೇವರನ್ನೂ ಹೇಳುವ ಎರಡು ವಾಕ್ಯಗಳಿಗೆ ಹೀಬ್ರೂ ಮೂಲದಲ್ಲಿ ಕ್ರಿಯಾಪದವೇ ಇಲ್ಲ. ಇಂಗ್ಲಿಷಿನಂಥ ಭಾಷೆಗೆ ತರುವವರು ಅಲ್ಲೊಂದು ಕ್ರಿಯಾಪದವನ್ನು ಸೇರಿಸಲೇಬೇಕು. ಸೇರಿಸುವಾಗ ಅದು ಈಗಾಗಲೇ ಆಗಿರುವುದೋ ಇನ್ನು ಮುಂದೆ ಆಗತಕ್ಕದ್ದೋ ಎಂಬುದನ್ನು ತಾವೇ ತೀರ್ಮಾನಿಸಬೇಕು. ಕನ್ನಡಕ್ಕೆ ಈ ಕಷ್ಟವಿಲ್ಲ. ನಮ್ಮ ಭಾಷೆಯಲ್ಲಿಯೂ ಕ್ರಿಯಾಪದವಿಲ್ಲದ ವಾಕ್ಯವು ಸಹಜವಾದುದರಿಂದ ಮೂಲದ ಸಂದಿಗ್ಧತೆಯನ್ನು ಹಾಗೆಯೇ ಉಳಿಸಿಕೊಳ್ಳಬಹುದು.

ಆ ಸಂದಿಗ್ಧತೆಯು ಬರಿಯ ವ್ಯಾಕರಣದ ವಿಷಯವಲ್ಲ. ರೂತಳು ಯಾವಾಗ ಮತವನ್ನು ಪ್ರವೇಶಿಸಿದಳು ಎಂಬ ಹಳೆಯ ವಿವಾದ ಅದರಲ್ಲಿ ಅಡಗಿದೆ. ನೊವೊಮಿಯ ಮಕ್ಕಳು ಈ ಹೆಣ್ಣುಗಳನ್ನು ಮತಕ್ಕೆ ಸೇರಿಸದೆಯೇ ಮದುವೆಯಾದರೆಂದು ರೂತ್ ರಬ್ಬಾ ಎಂಬ ಪ್ರಾಚೀನ ವ್ಯಾಖ್ಯಾನ ಸಂಗ್ರಹದಲ್ಲಿ ಒಂದು ಮತವಿದೆ. ಹನ್ನೆರಡನೆಯ ಶತಮಾನದ ಇಬ್ನ್ ಎಜ್ರನು ಹಾಗಿರಲಾರದೆಂದು ವಾದಿಸುತ್ತಾನೆ. ಒರ್ಫಾ ತನ್ನ ಜನರ ಬಳಿಗೂ ತನ್ನ ದೇವರ ಬಳಿಗೂ ಹಿಂದಿರುಗಿದಳೆಂದು ನೊವೊಮಿಯೇ ಹೇಳಿರುವಾಗ, ಅದಕ್ಕೆ ಮೊದಲು ಅವಳು ಅವುಗಳನ್ನು ಬಿಟ್ಟಿದ್ದಿರಬೇಕಷ್ಟೆ ಎಂಬುದು ಅವನ ಯುಕ್ತಿ. ಮೊದಲನೆಯ ಪಕ್ಷದಂತೆ ದಾರಿಯ ಮಾತು ಹೊಸ ಪ್ರತಿಜ್ಞೆ; ಎರಡನೆಯ ಪಕ್ಷದಂತೆ ಅದು ಹಳೆಯ ಪ್ರತಿಜ್ಞೆಯ ದೃಢೀಕರಣ. ಮದುವೆಯ ಸುಖದಲ್ಲಿ ಆಡಿದ ಮಾತು ಗಂಡನು ಸತ್ತು, ಮಕ್ಕಳಿಲ್ಲದೆ, ಹಸಿವು ಎದುರಿಗಿರುವಾಗ ನಿಂತೀತೋ ಇಲ್ಲವೋ ಎಂಬ ಪರೀಕ್ಷೆ ಅದು. ಗ್ರಂಥಕರ್ತನು ಯಾವುದನ್ನೂ ಹೇಳುವುದಿಲ್ಲ. ಅವನಿಗೆ ಪ್ರವೇಶದ ಮುಹೂರ್ತವು ಮುಖ್ಯವಲ್ಲ, ಬಿಡದಿರುವಿಕೆ ಮುಖ್ಯ. ಅತ್ತೆಗೆ ರೂತಳು ಅಂಟಿಕೊಂಡಳೆಂಬಲ್ಲಿ ಅವನು ಬಳಸುವ ಕ್ರಿಯಾಪದವು, ಗಂಡು ತಂದೆತಾಯಿಗಳನ್ನು ಬಿಟ್ಟು ಹೆಂಡತಿಯನ್ನು ಸೇರುವನೆಂದು ಆದಿಕಾಂಡವು ಹೇಳುವಲ್ಲಿ ಬಳಸಿದ ಕ್ರಿಯಾಪದವೇ ಆಗಿದೆ.

೨

ಇಷ್ಟು ದೊಡ್ಡ ಮಾತಿಗೆ ನೊವೊಮಿಯು ಕೊಡುವ ಉತ್ತರವೇನು? ಮೌನ. ಸೊಸೆಯ ನಿಶ್ಚಯವನ್ನು ಕಂಡು ಅವಳು ಮಾತನಾಡುವುದನ್ನು ನಿಲ್ಲಿಸಿದಳೆಂದಷ್ಟೇ ಗ್ರಂಥವು ಹೇಳುತ್ತದೆ. ಬೇತ್ಲೆಹೇಮಿಗೆ ಬಂದಾಗ ಊರಿನ ಹೆಂಗಸರು ನೊವೊಮಿಯ ಸುತ್ತಲೂ ಸೇರಿ ಇವಳು ಅವಳೇನೆ ಎಂದು ಬೆರಗಾಗುತ್ತಾರೆ. ಪಕ್ಕದಲ್ಲಿರುವ ಹೊಸಬಳ ವಿಚಾರ ಯಾರೂ ಎತ್ತುವುದಿಲ್ಲ. ತುಂಬಿದವಳಾಗಿ ಹೋದ ತಾನು ಬರಿಗೈಯಾಗಿ ಬಂದೆನೆಂದು ನೊವೊಮಿ ಗೋಳಿಡುತ್ತಾಳೆ. ಸರ್ವಸ್ವವನ್ನೂ ಬಿಟ್ಟು ಬಂದ ಸೊಸೆ ಆಗ ಅವಳ ಜೊತೆಯಲ್ಲಿಯೇ ಇದ್ದಾಳೆ. ಭಾವಶುದ್ಧಿಯುಳ್ಳ ಮಾತು ಆಡಿದ ಕ್ಷಣದಲ್ಲಿಯೇ ಅಂಗೀಕಾರ ದೊರೆಯುವುದಿಲ್ಲವೆಂಬುದನ್ನು ಕವಿಯು ಇಷ್ಟು ನಿಷ್ಠುರವಾಗಿ ತೋರಿಸಿದ್ದಾನೆ. ಇದರಲ್ಲಿ ನೊವೊಮಿಯ ದೋಷವನ್ನು ಎಣಿಸಬೇಕಾಗಿಲ್ಲ. ಶೋಕದಲ್ಲಿರುವವರ ಕಣ್ಣು ಹತ್ತಿರದ್ದನ್ನು ಕಾಣುವುದಿಲ್ಲ.

ಎರಡನೆಯ ಅಧ್ಯಾಯದಿಂದ ಗುರುತಿಸುವಿಕೆ ಎಂಬ ಅರ್ಥದ ಒಂದು ಹೀಬ್ರೂ ಕ್ರಿಯಾಪದವು ಕಥೆಯೊಳಗೆ ನೂಲಿನಂತೆ ಸಾಗುತ್ತದೆ. ಹೊಲದಲ್ಲಿ ಬೋವಜನು ದಯೆಯಿಂದ ಮಾತನಾಡಿಸಿದಾಗ ರೂತಳು ನೆಲಕ್ಕೆ ಬಾಗಿ, ಪರದೇಶದವಳಾದ ತನ್ನನ್ನು ಅವನು ಗುರುತಿಸಿದುದಕ್ಕೆ ಕಾರಣವೇನೆಂದು ಕೇಳುತ್ತಾಳೆ. ಮೂಲದಲ್ಲಿ ಗುರುತಿಸು ಎಂಬುದಕ್ಕೂ ಪರದೇಶದವಳು ಎಂಬುದಕ್ಕೂ ಒಂದೇ ಅಕ್ಷರಗಳು. ಆದುದರಿಂದ ಕಿವಿಗೆ ಅದೊಂದು ಶ್ಲೇಷದಂತೆ ಕೇಳುತ್ತದೆ. ಪರದೇಶಿ, ಅನ್ಯಳು ಮೊದಲಾದ ಶಬ್ದಗಳಿಂದ ಕನ್ನಡದಲ್ಲಿ ಇದು ಹೊರಡುವುದಿಲ್ಲ. ಗುರುತಿಲ್ಲದವಳನ್ನು ಗುರುತಿಸಿದೆಯಲ್ಲಾ ಎಂಬಂತೆ ಹೇಳಿದರೆ ಅರ್ಥವು ಸ್ವಲ್ಪ ಸಡಿಲವಾದರೂ ಧ್ವನಿಯು ಉಳಿಯುತ್ತದೆ. ಅಂದು ಸಂಜೆ ನೊವೊಮಿಯು, ರೂತಳು ತಂದ ಧಾನ್ಯವನ್ನು ಕಂಡು, ಯಾರ ಹೊಲವೆಂದು ತಿಳಿಯುವ ಮೊದಲೇ, ಅವಳನ್ನು ಗುರುತಿಸಿದವನಿಗೆ ಶುಭವಾಗಲೆಂದು ಹರಸುತ್ತಾಳೆ. ಮತ್ತೆ ಅದೇ ಕ್ರಿಯಾಪದ. ಮೂರನೆಯ ಅಧ್ಯಾಯದಲ್ಲಿ, ಒಬ್ಬರು ಇನ್ನೊಬ್ಬರ ಗುರುತು ಹಿಡಿಯುವಷ್ಟು ಬೆಳಕು ಹರಿಯುವ ಮೊದಲೇ ರೂತಳು ಕಣದಿಂದ ಏಳುತ್ತಾಳೆ. ಮೂರನೆಯ ಸಲ ಅದೇ. ಹೊಲದಲ್ಲಿ ಹಗಲು ಗುರುತಿಸಲ್ಪಟ್ಟವಳು ಕಣದಲ್ಲಿ ಗುರುತಿಲ್ಲದಂತೆ ಅಡಗಬೇಕಾಗುತ್ತದೆ. ಒಬ್ಬನ ಕಣ್ಣಿನ ಗುರುತು ಊರಿನ ಗುರುತಲ್ಲ.

ಗುರುತಿಸುವಿಕೆಯ ಕಥೆಯೆಂದೊಡನೆ ನಮ್ಮವರಿಗೆ ಶಾಕುಂತಲವು ನೆನಪಿಗೆ ಬರುವುದು ಸ್ವಾಭಾವಿಕ. ಅಲ್ಲಿ ಅಭಿಜ್ಞಾನವು ಒಂದು ಉಂಗುರ. ಅದು ಕಳೆದರೆ ಸತ್ಯವಂತೆಯ ಮಾತು ಸಭೆಯಲ್ಲಿ ನಿಲ್ಲುವುದಿಲ್ಲ, ಸಿಕ್ಕಿದರೆ ಎಲ್ಲವೂ ಸರಿಹೋಗುತ್ತದೆ. ರೂತಳ ಕೈಯಲ್ಲಿ ಉಂಗುರವಿಲ್ಲ. ಅವಳ ಅಭಿಜ್ಞಾನವು ಅವಳ ನಡತೆಯೇ. ಬೋವಜನು ಕೊಡುವ ಕಾರಣವೂ ಅದೇ: ಗಂಡನು ಸತ್ತಮೇಲೆ ಅವಳು ಅತ್ತೆಗೆ ಮಾಡಿದುದೆಲ್ಲವೂ ತನ್ನ ಕಿವಿಗೆ ಬಿದ್ದಿದೆಯೆಂದು ಅವನು ಹೇಳುತ್ತಾನೆ. ದಾರಿಯಲ್ಲಿ ಅವಳು ಆಡಿದ ಮಾತನ್ನು ಅವನು ಉದಾಹರಿಸುವುದಿಲ್ಲ. ಅದನ್ನು ಕೇಳಿದವಳು ನೊವೊಮಿಯೊಬ್ಬಳೇ. ಕಣದಲ್ಲಿ ಅವನು ಇನ್ನೂ ಮುಂದೆ ಹೋಗಿ, ಅವಳು ಗುಣವಂತೆಯೆಂಬುದು ತನ್ನ ಜನರ ಊರಬಾಗಿಲಿಗೆಲ್ಲ ತಿಳಿದಿದೆಯೆನ್ನುತ್ತಾನೆ. ಮರುದಿನ ಊರಬಾಗಿಲಿನಲ್ಲಿ ನಡೆಯುವ ವ್ಯವಹಾರವು ಆದುದರಿಂದ ಅಂಗೀಕಾರವನ್ನು ಹುಟ್ಟಿಸುವುದಿಲ್ಲ. ಆಗಲೇ ಹುಟ್ಟಿದ್ದ ಅಂಗೀಕಾರಕ್ಕೆ ಮುದ್ರೆಯೊತ್ತುತ್ತದೆ. ಗ್ರಂಥವು ಅವಳನ್ನು ಮೋವಾಬ್ಯಳಾದ ರೂತಳೆಂದು ಐದು ಸಲ ಕರೆಯುತ್ತದೆ. ಅವುಗಳಲ್ಲಿ ಕೊನೆಯದು ಊರಬಾಗಿಲಿನಲ್ಲಿ ಬೋವಜನ ಬಾಯಿಂದಲೇ ಬರುತ್ತದೆ. ಹಿರಿಯರು ಅದನ್ನು ಕೇಳಿಯೇ, ಅವಳು ಇಸ್ರಾಯೇಲಿನ ಮನೆಯನ್ನು ಕಟ್ಟಿದ ರಾಹೇಲಳಂತೆಯೂ ಲೇಯಳಂತೆಯೂ ಆಗಲೆಂದು ಹರಸುತ್ತಾರೆ. ಅವರೂ ಹೊರನಾಡಿನಿಂದ ಬಂದ ಸೊಸೆಯರೇ. ಅದರ ಮುಂದಿನ ವಾಕ್ಯದಿಂದ ಅವಳು ಬರಿಯ ರೂತಳು. ಮೂಲವನ್ನು ಮುಚ್ಚಿಟ್ಟು ಪಡೆದ ಅಂಗೀಕಾರ ಇದಲ್ಲ. ಮೂಲವನ್ನು ಹೇಳಿಯೇ ಪಡೆದದ್ದು.

ಇನ್ನೊಂದು ಶಬ್ದವನ್ನೂ ಇಲ್ಲಿ ಹೇಳಬೇಕು. ಹೊಲದಲ್ಲಿ ಬೋವಜನು, ಇಸ್ರಾಯೇಲಿನ ದೇವರ ರೆಕ್ಕೆಯ ಕೆಳಗೆ ಅವಳು ಆಶ್ರಯಕ್ಕೆ ಬಂದಿದ್ದಾಳೆಂದು ಮೆಚ್ಚುತ್ತಾನೆ. ಕಣದಲ್ಲಿ ರೂತಳು ಅದೇ ಶಬ್ದವನ್ನು ಅವನಿಗೆ ಹಿಂದಿರುಗಿಸಿ, ಅವನ ಸೆರಗನ್ನು ತನ್ನ ಮೇಲೆ ಹರಡಬೇಕೆಂದು ಬೇಡುತ್ತಾಳೆ. ಹೀಬ್ರೂವಿನಲ್ಲಿ ರೆಕ್ಕೆಗೂ ಬಟ್ಟೆಯ ಅಂಚಿಗೂ ಒಂದೇ ಹೆಸರು. ದೇವರ ರೆಕ್ಕೆಯನ್ನು ಹೊಗಳಿದವನು ತನ್ನ ಸೆರಗನ್ನು ಕೊಡಬೇಕು ಎಂಬ ಈ ಕೇಳಿಕೆಯಲ್ಲಿ ಗ್ರಂಥದ ತಾತ್ಪರ್ಯವೇ ಅಡಗಿದೆಯೆಂದು ನಮಗೆ ತೋರುತ್ತದೆ. ದೇವರು ಅಂಗೀಕರಿಸಿದನೆಂದು ಹೇಳುವುದು ಸುಲಭ. ಮನುಷ್ಯರು ಮನೆಯೊಳಗೆ ಸ್ಥಳ ಕೊಡದಿದ್ದರೆ ಆ ಮಾತಿಗೆ ಫಲವಿಲ್ಲ.

ಆದರೂ ಕಥೆಯ ಮುಕ್ತಾಯದಲ್ಲಿ ಒಂದು ಕೊರತೆ ಉಳಿಯುತ್ತದೆ. ನಾಲ್ಕನೆಯ ಅಧ್ಯಾಯದಲ್ಲಿ ರೂತಳು ಒಂದು ಮಾತನ್ನೂ ಆಡುವುದಿಲ್ಲ. ಮಗುವು ಹುಟ್ಟಿದಾಗ ನೊವೊಮಿಗೆ ಮಗನಾದನೆಂದು ನೆರೆಯ ಹೆಂಗಸರು ಹೇಳುತ್ತಾರೆ. ಹೆಸರನ್ನೂ ಅವರೇ ಇಡುತ್ತಾರೆ. ಏಳು ಗಂಡುಮಕ್ಕಳಿಗಿಂತ ಮೇಲಾದ ಸೊಸೆಯೆಂದು ಅವರು ಅವಳನ್ನು ಹೊಗಳುವುದು ನಿಜ. ಆ ಹೊಗಳಿಕೆಯೂ ನೊವೊಮಿಗೆ ಹೇಳಿದ್ದು. ಹೊರಗಿನವಳಾಗಿದ್ದಾಗ ಅಷ್ಟು ಸ್ಪಷ್ಟವಾಗಿ ಮಾತನಾಡಿದವಳು ಒಳಗಿನವಳಾದೊಡನೆ ಮೌನಿಯಾದಳು. ಅಂಗೀಕಾರವು ಸಂಪೂರ್ಣವಾಯಿತೆಂಬುದಕ್ಕೆ ಇದು ಸಾಕ್ಷಿಯೆಂದು ಕೆಲವರು ಹೇಳಬಹುದು. ಅಂಗೀಕರಿಸುವವರು ಬಂದವರನ್ನು ತಮ್ಮ ಪ್ರಯೋಜನಕ್ಕೆ ತಕ್ಕಂತೆ ನುಂಗಿಬಿಡುವ ಅಪಾಯಕ್ಕೂ ಇದೇ ಸಾಕ್ಷಿ. ಕವಿಯು ಎರಡಕ್ಕೂ ಎಡೆಗೊಟ್ಟಿದ್ದಾನೆ.

೩

ಕಥೆಯಿಂದ ಶಾಸ್ತ್ರಕ್ಕೆ ಬಂದರೆ ಮೊದಲು ಎದುರಾಗುವುದು ಒಂದು ನಿಷೇಧ. ಅಮ್ಮೋನ್ಯರೂ ಮೋವಾಬ್ಯರೂ ಹತ್ತನೆಯ ತಲೆಯವರೆಗೂ ದೇವರ ಸಭೆಯನ್ನು ಸೇರಕೂಡದೆಂದು ಧರ್ಮೋಪದೇಶಕಾಂಡದ ಇಪ್ಪತ್ತಮೂರನೆಯ ಅಧ್ಯಾಯವು ವಿಧಿಸುತ್ತದೆ. ಬಾಬಿಲೋನಿನಿಂದ ಹಿಂದಿರುಗಿದ ಕಾಲದಲ್ಲಿ ಎಜ್ರ ನೆಹೆಮೀಯರು ಅನ್ಯಜಾತಿಯ ಹೆಂಡತಿಯರ ವಿರುದ್ಧ ಎದ್ದಾಗ ಈ ವಿಧಿಯು ಓದಲ್ಪಟ್ಟಿತೆಂದು ನೆಹೆಮೀಯನ ಗ್ರಂಥದಿಂದ ತಿಳಿಯುತ್ತದೆ. ರೂತಳ ಕಥೆಯು ಆ ಕಾಲದ ಕಾಠಿಣ್ಯಕ್ಕೆ ಪ್ರತಿವಾದವಾಗಿ ಹುಟ್ಟಿತೆಂದು ಆಧುನಿಕ ವಿದ್ವಾಂಸರಲ್ಲಿ ಅನೇಕರ ಅಭಿಪ್ರಾಯ. ಅದಕ್ಕಿಂತ ಹಳೆಯದೆಂದು ಹೇಳುವವರೂ ಇದ್ದಾರೆ. ಕಾಲನಿರ್ಣಯವು ಏನೇ ಆಗಲಿ, ಗ್ರಂಥದ ಧಾಟಿಯು ವಾದದ್ದಲ್ಲ. ಅದು ನಿಷೇಧವನ್ನು ಹೆಸರಿಸಿ ಖಂಡಿಸುವುದಿಲ್ಲ. ಮೋವಾಬ್ಯಳೆಂಬ ಶಬ್ದವನ್ನು ಮತ್ತೆ ಮತ್ತೆ ಉಚ್ಚರಿಸಿ ಸುಮ್ಮನಾಗುತ್ತದೆ.

ಧರ್ಮಶಾಸ್ತ್ರಕಾರರಾದರೋ ಸುಮ್ಮನಿರುವಂತಿರಲಿಲ್ಲ. ದಾವೀದನ ಮುತ್ತಜ್ಜಿಯೇ ಮೋವಾಬ್ಯಳು. ಆದುದರಿಂದ ಮಿಷ್ನಾ ಗ್ರಂಥದ ಯೆವಾಮೋತ್ ಪ್ರಕರಣವು, ನಿಷೇಧವು ಗಂಡಸರಿಗೆ ಮಾತ್ರ, ಹೆಂಗಸರು ಕೂಡಲೇ ಸೇರಬಹುದು ಎಂದು ವಿಧಿಸಿತು. ತಾಲ್ಮುಡ್ ಇದರ ಮೇಲೆ ಒಂದು ಕಥೆಯನ್ನು ಹೇಳುತ್ತದೆ. ಸೌಲನ ಆಸ್ಥಾನದಲ್ಲಿ ದೋಯೇಗನು, ದಾವೀದನು ರಾಜತ್ವಕ್ಕೆ ಯೋಗ್ಯನೋ ಅಲ್ಲವೋ ಎಂಬುದಿರಲಿ, ಸಭೆಗೆ ಸೇರಲಾದರೂ ಯೋಗ್ಯನೇ ಎಂದು ಕೇಳುತ್ತಾನೆ. ವಾದಪ್ರತಿವಾದದಲ್ಲಿ ಉತ್ತರ ಹೊಳೆಯದೆ ಹೋಗಿ, ಕೊನೆಗೆ ವೀರನೊಬ್ಬನು ಕತ್ತಿಯನ್ನು ಕಟ್ಟಿಕೊಂಡು ಎದ್ದು, ಸಮುವೇಲನ ಸಭೆಯಿಂದ ಬಂದ ಪರಂಪರೆಯಿದು ಎಂದು ಸಾಧಿಸಬೇಕಾಗುತ್ತದೆ. ಕಥೆಯ ಐತಿಹಾಸಿಕತೆ ಹೇಗಾದರೂ ಇರಲಿ, ಅದರ ಒಳನೋಟವು ತೀಕ್ಷ್ಣವಾದದ್ದು. ಊರಬಾಗಿಲಿನಲ್ಲಿ ಹಿರಿಯರೆಲ್ಲರೂ ಹರಸಿ ಒಪ್ಪಿದ ಸಂಬಂಧವನ್ನು ಮೂರು ತಲೆಗಳಮೇಲೆ ದ್ವೇಷಿಯೊಬ್ಬನು ಮತ್ತೆ ಕೆದಕಬಲ್ಲನು. ಅಂಗೀಕಾರಕ್ಕೆ ಅತಿ ದೊಡ್ಡ ಶತ್ರುವೆಂದರೆ ಎಂದಿಗೂ ಮುಗಿಯದ ಮರುವಿಚಾರಣೆ.

ಅದೇ ಯೆವಾಮೋತ್ ಪ್ರಕರಣದಲ್ಲಿ ಮತಪ್ರವೇಶದ ಕ್ರಮವೂ ನಿರೂಪಿತವಾಗಿದೆ. ಬಂದವನನ್ನು ಕೇಳುವ ಮೊದಲ ಪ್ರಶ್ನೆ, ಏನನ್ನು ಕಂಡು ಬಂದೆ ಎಂಬುದು. ಇಸ್ರಾಯೇಲ್ಯರು ಈಗ ಪೀಡಿತರು, ತುಳಿಯಲ್ಪಟ್ಟವರು ಎಂಬುದನ್ನು ಬಲ್ಲೆಯಾ ಎಂಬುದು ಅದರ ಮುಂದಿನದು. ಬಲ್ಲೆನು, ಅದಕ್ಕೂ ನಾನು ಅರ್ಹನಲ್ಲ ಎಂದು ಅವನು ಹೇಳಿದರೆ ಕೂಡಲೇ ಸ್ವೀಕರಿಸಬೇಕು. ಆಮೇಲೆ ಸುಲಭವಾದ ಕೆಲವು ವಿಧಿಗಳನ್ನೂ ಕಠಿಣವಾದ ಕೆಲವನ್ನೂ ತಿಳಿಸಬೇಕು. ಅತಿಯಾಗಿ ಹೆದರಿಸಲೂ ಕೂಡದು, ಅತಿಯಾಗಿ ಸೂಕ್ಷ್ಮಕ್ಕೆ ಇಳಿಯಲೂ ಕೂಡದು. ಗಂಡಸಿಗೆ ಸುನ್ನತಿ, ಎಲ್ಲರಿಗೂ ಸ್ನಾನ, ಮೂವರ ಸಭೆಯ ಸಮಕ್ಷಮ. ನೀರಿನಿಂದ ಮೇಲಕ್ಕೆ ಬಂದಮೇಲೆ ಅವನು ಎಲ್ಲ ವಿಷಯಗಳಲ್ಲಿಯೂ ಇಸ್ರಾಯೇಲ್ಯನೇ.

ಈ ಕ್ರಮದಲ್ಲಿರುವ ವಿವೇಕವನ್ನು ಮೆಚ್ಚದಿರಲಾಗುವುದಿಲ್ಲ. ನೀನು ಮನಃಪೂರ್ವಕವಾಗಿ ನಂಬುತ್ತೀಯಾ ಎಂದು ಸಭೆಯು ಕೇಳುವುದಿಲ್ಲ. ಕೇಳಿದರೆ ಹೌದೆಂಬ ಉತ್ತರ ಸುಲಭ, ಅದನ್ನು ಪರೀಕ್ಷಿಸುವ ಉಪಾಯವಿಲ್ಲ. ನಮ್ಮ ಕಷ್ಟದಲ್ಲಿ ಭಾಗಿಯಾಗಲು ಒಪ್ಪುತ್ತೀಯಾ ಎಂದು ಕೇಳುತ್ತದೆ. ಹೃದಯವನ್ನು ತೆರೆದು ನೋಡಲಾಗದವರು ಬೆಲೆಯನ್ನು ಹೇಳಿ ಕೊಳ್ಳುವವನ ಮುಖವನ್ನು ನೋಡುತ್ತಾರೆ. ನೊವೊಮಿಯು ಹಿಂದಿರುಗಿರೆಂದು ಮೂರು ಸಲ ಹೇಳಿದ್ದರಿಂದಲೇ ಬಂದವನನ್ನು ಮೂರು ಸಲ ಹಿಮ್ಮೆಟ್ಟಿಸಬೇಕೆಂಬ ಮಾತು ರೂತ್ ರಬ್ಬಾದಲ್ಲಿ ಬಂದಿದೆ. ಅತಿಯಾಗಿ ತಡೆಯಕೂಡದೆಂಬ ವಿಧಿಗೆ ತಾಲ್ಮುಡ್ ಕೊಡುವ ಆಧಾರವಾದರೋ ನೊವೊಮಿಯ ಮೌನ. ಕಥೆಯಲ್ಲಿ ಮನಸ್ಸನ್ನು ನೋಯಿಸುವಂತಿದ್ದ ಆ ಮೌನವು ಶಾಸ್ತ್ರದಲ್ಲಿ ದಯೆಯ ಸೂತ್ರವಾಯಿತು. ವ್ಯಾಖ್ಯಾನವು ಮೂಲವನ್ನು ಬೆಳೆಸಿದ ಉದಾಹರಣೆಗಳಲ್ಲಿ ಇದಕ್ಕಿಂತ ಸೊಗಸಾದದ್ದು ಅಪರೂಪ.

ಆದರೆ ಮುಂದಿನ ಹೆಜ್ಜೆಯ ವಿಷಯದಲ್ಲಿ ಅಷ್ಟು ಮೆಚ್ಚುಗೆ ಸಾಧ್ಯವಿಲ್ಲ. ರೂತಳ ಆರು ಮಾತುಗಳನ್ನೂ ತಾಲ್ಮುಡ್ ಒಂದು ಪ್ರಶ್ನೋತ್ತರವಾಗಿ ಬಿಡಿಸುತ್ತದೆ. ಸಬ್ಬತ್ತಿನ ದಿನ ಇಷ್ಟು ದೂರಕ್ಕಿಂತ ಹೆಚ್ಚಾಗಿ ನಡೆಯಕೂಡದೆಂದು ನೊವೊಮಿ ಹೇಳಿದಳಂತೆ. ನೀನು ಹೋಗುವಲ್ಲಿಗೆ ಹೋಗುವೆನೆಂಬುದು ಅದಕ್ಕೆ ಉತ್ತರ. ಪರಪುರುಷನೊಡನೆ ಏಕಾಂತವು ನಿಷಿದ್ಧವೆಂಬುದಕ್ಕೆ ಬಿಡಾರದ ಮಾತು, ೬೧೩ ವಿಧಿಗಳಿಗೆ ಜನದ ಮಾತು, ಮೂರ್ತಿಪೂಜೆಯ ನಿಷೇಧಕ್ಕೆ ದೇವರ ಮಾತು, ನಾಲ್ಕು ಬಗೆಯ ಮರಣದಂಡನೆಗೆ ಮರಣದ ಮಾತು, ದಂಡಿತರಿಗಾಗಿ ಇರುವ ಎರಡು ಸ್ಮಶಾನಗಳಿಗೆ ಸಮಾಧಿಯ ಮಾತು. ಅತ್ತೆಯೊಡನೆ ಸತ್ತು ಅವಳ ಪಕ್ಕದಲ್ಲಿ ಮಲಗುವೆನೆಂಬ ಕರುಣಾರಸವು ಇಲ್ಲಿ ದಂಡಸಂಹಿತೆಯ ಒಪ್ಪಿಗೆಯಾಗಿದೆ. ಪ್ರವೇಶಿಸುವವಳಿಗೆ ಕರ್ತವ್ಯಗಳು ತಿಳಿದಿದ್ದುವೆಂದು ಸಾಧಿಸುವುದು ಶಾಸ್ತ್ರಕಾರರ ಉದ್ದೇಶ. ಅದು ನ್ಯಾಯವಾದ ಉದ್ದೇಶವೇ. ಆದರೆ ಈ ಓದಿನಲ್ಲಿ ನೊವೊಮಿಯೆಂಬ ವ್ಯಕ್ತಿಯೇ ಮಾಯವಾಗುತ್ತಾಳೆ. ಅವಳು ಪರೀಕ್ಷಕಿ ಮಾತ್ರವಾಗುತ್ತಾಳೆ. ಪ್ರೀತಿಯಿಂದ ದೇವರ ಕಡೆಗೆ ಬಂದವಳನ್ನು ವಿಧಿಯಿಂದ ಬಂದವಳನ್ನಾಗಿ ಮಾಡಿದಂತಾಯಿತು. ಹಿಂದಿರುಗಿದ ಒರ್ಫಾಳ ಗತಿ ಇನ್ನೂ ಕಷ್ಟ. ಮೂಲಕಥೆ ಅವಳನ್ನು ಒಂದು ಮಾತಿನಿಂದಲೂ ನಿಂದಿಸುವುದಿಲ್ಲ. ತಾಲ್ಮುಡ್ ಅವಳನ್ನು ಗೊಲ್ಯಾತನ ವಂಶಕ್ಕೆ ತಾಯಿಯನ್ನಾಗಿ ಮಾಡುತ್ತದೆ. ಪ್ರಾಮಾಣಿಕವಾಗಿ ಬರಲಾರೆನೆಂದವಳಿಗೆ ಈ ಶಿಕ್ಷೆಯು ಹೆಚ್ಚಾಯಿತು.

೪

ಶಾಸ್ತ್ರಕಾರರಿಗೆ ತೊಡಕಾದ ಪ್ರಶ್ನೆ ಇನ್ನೊಂದು: ಉದ್ದೇಶವು ಶುದ್ಧವಲ್ಲದಿದ್ದರೆ? ಮದುವೆಗಾಗಿ ಬಂದವರು, ಭಯದಿಂದ ಬಂದವರು, ಕನಸನ್ನು ನಂಬಿ ಬಂದವರು—ಇವರ ಪ್ರವೇಶವು ಪ್ರವೇಶವೇ ಅಲ್ಲವೆಂದು ರಬ್ಬಿ ನೆಹೆಮ್ಯನ ಮತ. ಇವರೆಲ್ಲರೂ ಯೆಹೂದ್ಯರೇ ಎಂಬುದೇ ಸಿದ್ಧಾಂತವೆಂದು ರಾವ್ ಎಂಬ ಆಚಾರ್ಯನ ಹೆಸರಿನಲ್ಲಿ ತಾಲ್ಮುಡ್ ನಿರ್ಣಯವನ್ನು ಕೊಡುತ್ತದೆ. ಇದರ ಜೊತೆಯಲ್ಲಿ ಹಿಲ್ಲೇಲ್ ಷಮ್ಮಾಯರ ಪ್ರಸಿದ್ಧ ಕಥೆಗಳನ್ನು ಇಟ್ಟು ನೋಡಬೇಕು. ಮಹಾಯಾಜಕನ ಉಡುಪಿನ ವೈಭವವನ್ನು ಕೇಳಿ, ತನಗೂ ಆ ಪದವಿ ದೊರೆಯಬೇಕೆಂಬ ಷರತ್ತಿನಮೇಲೆ ಒಬ್ಬನು ಬರುತ್ತಾನೆ. ಷಮ್ಮಾಯನು ಅಳತೆಗೋಲಿನಿಂದ ಅವನನ್ನು ಹೊರಗೆ ತಳ್ಳುತ್ತಾನೆ. ಹಿಲ್ಲೇಲನು ಸೇರಿಸಿಕೊಂಡು ಓದಲು ಕೂಡಿಸುತ್ತಾನೆ. ಆ ಪದವಿಯು ಹುಟ್ಟು ಇಸ್ರಾಯೇಲ್ಯನಾದ ದಾವೀದನಿಗೂ ದೊರೆಯತಕ್ಕದ್ದಲ್ಲವೆಂದು ಓದಿನಿಂದಲೇ ತಿಳಿದು ಅವನು ತಾನಾಗಿ ವಿನೀತನಾಗುತ್ತಾನೆ. ಕೊನೆಯಲ್ಲಿ ಅವನ ಭಾವವು ಶುದ್ಧವಾಗುವುದೆಂಬ ಭರವಸೆ ಹಿಲ್ಲೇಲನಿಗೆ ಇದ್ದಿತೆಂದು ತೋಸಫೋತ್ ವ್ಯಾಖ್ಯಾನಕಾರರು ಸಮರ್ಥಿಸುತ್ತಾರೆ. ಹೀಗೆ ಓದಿದರೆ ಭಾವಶುದ್ಧಿಯು ಬಾಗಿಲಿನಲ್ಲಿ ತೋರಿಸಬೇಕಾದ ಚೀಟಿಯಲ್ಲ. ಒಳಗೆ ಬಂದಮೇಲೆ ಬೆಳೆಯುವ ಬೆಳೆ.

ಕಟ್ಟುನಿಟ್ಟಾದ ಅಳತೆಯನ್ನು ಹಿಡಿದರೆ ರೂತಳೇ ಅನುತ್ತೀರ್ಣಳಾಗುತ್ತಾಳೆ ಎಂಬುದನ್ನು ಮರೆಯಕೂಡದು. ಅವಳು ಮನುಷ್ಯಪ್ರೀತಿಗಾಗಿ ಬಂದವಳು. ಬಂದಮೇಲೆ ಸಿರಿವಂತನನ್ನು ಮದುವೆಯಾದವಳು. ಸಂಶಯದ ಕಣ್ಣಿನಿಂದ ನೋಡುವ ಸಭೆಯೊಂದು ಇವೆರಡನ್ನೇ ಹಿಡಿದು ಅವಳನ್ನು ಹೊರಗಿಡಬಹುದಾಗಿತ್ತು. ಮೈಮೊನಿಡೀಸನು (೧೧೩೮–೧೨೦೪) ತನ್ನ ಧರ್ಮಸಂಹಿತೆಯಲ್ಲಿ ಈ ತೊಡಕನ್ನು ಬಿಡಿಸಿದ ರೀತಿಯು ಸ್ಮರಣೀಯವಾಗಿದೆ. ಬರುವವನ ಉದ್ದೇಶವನ್ನು ಮೊದಲು ವಿಚಾರಿಸಬೇಕು. ಆದರೆ ವಿಚಾರಿಸದೆಯೇ ಸ್ನಾನಾದಿಗಳು ಮೂವರ ಸಮಕ್ಷಮದಲ್ಲಿ ನಡೆದುಹೋದರೆ, ಬೇರೊಂದು ಕಾರಣಕ್ಕಾಗಿ ಬಂದನೆಂದು ಆಮೇಲೆ ತಿಳಿದುಬಂದರೂ ಅವನು ಅನ್ಯನಲ್ಲ. ಅವನ ಸದಾಚಾರವು ಸ್ಪಷ್ಟವಾಗುವವರೆಗೆ ಎಚ್ಚರದಿಂದಿರಬಹುದು. ಅವನು ಹಳೆಯ ಪೂಜೆಗೆ ಮರಳಿದರೂ ದಾರಿತಪ್ಪಿದ ಯೆಹೂದ್ಯನೇ ಹೊರತು ಮತ್ತೆ ಪರಕೀಯನಾಗುವುದಿಲ್ಲ. ಅಂದರೆ ಭಾವಶುದ್ಧಿಯ ವಿಷಯದಲ್ಲಿ ಸಂಶಯವು ಉಳಿಯಬಹುದು, ಅಂಗೀಕಾರದ ವಿಷಯದಲ್ಲಿ ಉಳಿಯಕೂಡದು. ಎರಡನ್ನೂ ಬೇರ್ಪಡಿಸಿದ್ದೇ ಅವನ ಶಾಸ್ತ್ರಬುದ್ಧಿಯ ಹಿರಿಮೆ.

ಒಬದ್ಯನೆಂಬ ಹೊಸಬನಿಗೆ ಅವನು ಬರೆದ ಪತ್ರಗಳಲ್ಲಿ ಇದೇ ಬುದ್ಧಿಯು ಹೃದಯದ ಮಾತಾಗಿ ಹರಿದಿದೆ. ನಮ್ಮ ಪಿತೃಗಳ ದೇವರೇ ಎಂದು ಪ್ರಾರ್ಥಿಸಲು ತನಗೆ ಅಧಿಕಾರವುಂಟೆ ಎಂದು ಒಬದ್ಯನು ಕೇಳಿದ್ದನು. ಹೊಸಬನು ಸಭೆಯಲ್ಲಿ ಪ್ರಾರ್ಥಿಸುವಾಗ ನಿಮ್ಮ ಪಿತೃಗಳ ದೇವರೇ ಎನ್ನಬೇಕೆಂದು ಮಿಷ್ನಾದಲ್ಲಿಯೇ ಇರುವುದರಿಂದ ಅದು ಹುಸಿ ಸಂಶಯವಲ್ಲ. ಮೈಮೊನಿಡೀಸನು ರಬ್ಬಿ ಯೆಹೂದನ ಮತವನ್ನು ಹಿಡಿದು, ಅಬ್ರಹಾಮನು ಬಹುಜನಾಂಗಗಳ ತಂದೆಯಾದುದರಿಂದ ಹೊಸಬನೂ ಅವನ ಮಗನೇ, ಪ್ರಾರ್ಥನೆಯ ಒಂದು ಅಕ್ಷರವನ್ನೂ ಬದಲಾಯಿಸಬೇಕಾಗಿಲ್ಲವೆಂದು ಉತ್ತರವಿತ್ತನು. ಇತರರು ಅಬ್ರಹಾಮ ಇಸಾಕ ಯಾಕೋಬರ ವಂಶವನ್ನು ಹೇಳಿಕೊಂಡರೆ ಒಬದ್ಯನ ವಂಶವು ನೇರವಾಗಿ ಸೃಷ್ಟಿಕರ್ತನಿಗೇ ಸೇರುವುದೆಂದು ಸಂತೈಸಿದನು. ಒಬದ್ಯನನ್ನು ಅವನ ಗುರುವೊಬ್ಬನು ಮೂಢನೆಂದು ಹಳಿದ ಸಂಗತಿ ತಿಳಿದಾಗ, ಅದು ಮಹಾಪಾಪವೆಂದು ಕಟುವಾಗಿ ಬರೆದನು. ಸರ್ವನಾಮವೊಂದರಲ್ಲಿ, ನಿಮ್ಮ ಎಂಬುದಕ್ಕೂ ನಮ್ಮ ಎಂಬುದಕ್ಕೂ ನಡುವೆ, ಎಷ್ಟು ನೋವು ಅಡಗಿರಬಹುದೆಂಬುದನ್ನು ಅರಿತ ಪಂಡಿತನು ಅವನು.

ಅವನಿಗಿಂತ ಒಂದು ತಲೆಮಾರಿಗೂ ಹಿಂದಿನ ಕವಿ ಯೆಹೂದ ಹಲೇವಿಯ ಕುಜಾರಿ ಗ್ರಂಥದಲ್ಲಿ ಬೇರೆ ಧ್ವನಿ ಕೇಳಿಬರುತ್ತದೆ. ಖಜಾರರ ರಾಜನಿಗೆ ಕನಸಿನಲ್ಲಿ ದೇವದೂತನು ಬಂದು, ಅವನ ಉದ್ದೇಶವು ಮೆಚ್ಚಿಗೆಯಾಗಿದೆ, ಆಚರಣೆಯು ಮೆಚ್ಚಿಗೆಯಾಗಿಲ್ಲವೆಂದು ಹೇಳುವುದರಿಂದ ಸಂವಾದವು ಮೊದಲಾಗುತ್ತದೆ. ಬರಿಯ ಭಾವಶುದ್ಧಿಯು ಸಾಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿಲ್ಲ. ಆದರೆ ಇಷ್ಟು ಶ್ರಮಪಟ್ಟು ಬಂದ ರಾಜನಿಗೇ ಅಲ್ಲಿಯ ಯೆಹೂದ್ಯಪಂಡಿತನು, ಸೇರಿದವರು ಫಲದಲ್ಲಿ ಪಾಲುಗಾರರಾದರೂ ಹುಟ್ಟಿನಿಂದ ಬಂದವರಿಗೆ ಸಮಾನರಲ್ಲವೆಂದು ಹೇಳುತ್ತಾನೆ. ಒಂದೇ ಪರಂಪರೆಯ ಇಬ್ಬರು ಮಹನೀಯರು ಹೀಗೆ ಎರಡು ದಾರಿ ಹಿಡಿದರು. ರೂತಳ ಗ್ರಂಥದ ಒಲವು ಯಾವ ಕಡೆಗೆಂಬುದರಲ್ಲಿ ನ್ಯೂನತೆಯಿಲ್ಲ. ಅದರ ಕೊನೆಯ ಶಬ್ದವೇ ದಾವೀದ. ರಕ್ತದ ಹೆಮ್ಮೆಗೆ ಮೂಲವಾದ ರಾಜವಂಶದಲ್ಲಿಯೇ ಹೊರಗಿನವಳನ್ನು ಅದು ಕೂಡಿಸಿದೆ.

೫

ಈ ವಿಚಾರವು ಹಳೆಯ ಗ್ರಂಥಗಳಲ್ಲಿ ಮುಗಿದುಹೋಗಿಲ್ಲ. ೧೯೪೮ರಲ್ಲಿ ಇಸ್ರೇಲ್ ರಾಜ್ಯವು ಸ್ಥಾಪಿತವಾದಮೇಲೆ ಮತದ ಅಂಗೀಕಾರಕ್ಕೆ ಪೌರತ್ವವೂ ತೊಡಕಿಕೊಂಡಿತು. ಯೆಹೂದ್ಯರೆಲ್ಲರಿಗೂ ಅಲ್ಲಿ ನೆಲಸುವ ಹಕ್ಕನ್ನು ಕೊಟ್ಟ ೧೯೫೦ರ ಶಾಸನದಲ್ಲಿ ಯೆಹೂದ್ಯನಾರೆಂಬ ಲಕ್ಷಣವಿರಲಿಲ್ಲ. ೧೯೭೦ರ ತಿದ್ದುಪಡಿಯು, ಯೆಹೂದ್ಯಳಾದ ತಾಯಿಗೆ ಹುಟ್ಟಿದವನು ಅಥವಾ ಮತವನ್ನು ಪ್ರವೇಶಿಸಿದವನು, ಬೇರೊಂದು ಮತದಲ್ಲಿ ಇರದವನು ಎಂದು ಲಕ್ಷಣವನ್ನು ಹೇಳಿತು. ಯಾರ ಮುಖಾಂತರ ಪ್ರವೇಶಿಸಿದವನು ಎಂಬುದನ್ನು ಹೇಳಲಿಲ್ಲ. ಆ ಮೌನದ ಸುತ್ತಲೇ ಅರ್ಧ ಶತಮಾನ ವ್ಯಾಜ್ಯಗಳು ನಡೆದುವು. ಸುಧಾರಕ ಪಂಥಗಳವರು ಇಸ್ರೇಲಿನಲ್ಲಿ ಮಾಡಿಸಿದ ಪ್ರವೇಶವೂ ಈ ಶಾಸನದ ಮಟ್ಟಿಗೆ ಸಲ್ಲುವುದೆಂದು ಅಲ್ಲಿಯ ಶ್ರೇಷ್ಠ ನ್ಯಾಯಾಲಯವು ೨೦೨೧ರಲ್ಲಿ ತೀರ್ಪಿತ್ತಿತು. ಇದಕ್ಕೆ ಮೊದಲು ೨೦೦೮ರಲ್ಲಿ, ರಬ್ಬಿಗಳ ಉನ್ನತ ನ್ಯಾಯಸಭೆಯು ರಬ್ಬಿ ಹೈಮ್ ದ್ರುಕ್ಮಾನರ ಆಡಳಿತದಲ್ಲಿದ್ದ ಸಭೆಗಳು ವರ್ಷಗಳ ಹಿಂದೆ ನೆರವೇರಿಸಿದ್ದ ಪ್ರವೇಶಗಳೇ ಅಸಿಂಧುವೆಂದಿತು. ೨೦೧೨ರಲ್ಲಿ ಶ್ರೇಷ್ಠ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ನಡುವಣ ನಾಲ್ಕು ವರ್ಷ ಯೆಹೂದ್ಯರಾಗಿ ಮದುವೆಯಾಗಿ ಮಕ್ಕಳನ್ನು ಹೆತ್ತವರು ತಾವು ಯಾರೆಂಬುದನ್ನು ತಿಳಿಯದೆ ಕಾದಿರಬೇಕಾಯಿತು. ದೋಯೇಗನ ಪ್ರಶ್ನೆಯು ಸಾಯುವುದಿಲ್ಲ.

ನಮ್ಮ ದೇಶದವರೂ ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ಕೊಂಕಣ ತೀರದಲ್ಲಿ ಶತಮಾನಗಳಿಂದ ಯೆಹೂದ್ಯಾಚಾರವನ್ನು ಉಳಿಸಿಕೊಂಡು ಬಂದ ಬೆನೆ ಇಸ್ರಾಯೇಲರು ಇಸ್ರೇಲಿಗೆ ಹೋದಾಗ, ಮದುವೆಯ ಸಂದರ್ಭದಲ್ಲಿ ಅವರ ಪೂರ್ವಜರ ವಿಚಾರಣೆಯಾಗಬೇಕೆಂದು ಅಲ್ಲಿಯ ಧರ್ಮಾಧಿಕಾರಿಗಳು ನಿರ್ದೇಶಿಸಿದರು. ಪ್ರತಿಭಟನೆಯು ಬೆಳೆದು, ೧೯೬೪ರಲ್ಲಿ ಅಲ್ಲಿಯ ಪಾರ್ಲಿಮೆಂಟು ಅವರು ಎಲ್ಲ ವಿಧದಲ್ಲಿಯೂ ಯೆಹೂದ್ಯರೇ ಎಂದು ಘೋಷಿಸಬೇಕಾಯಿತು. ಮಣಿಪುರ ಮಿಜೋರಾಮುಗಳ ಬ್ನೇ ಮೆನಾಷೆ ಜನರನ್ನು ೨೦೦೫ರಲ್ಲಿ ಮುಖ್ಯ ರಬ್ಬಿ ಷ್ಲೋಮೊ ಅಮಾರರು ಇಸ್ರಾಯೇಲಿನ ಸಂತತಿಯೆಂದು ಒಪ್ಪಿದರೂ ವಿಧಿಪೂರ್ವಕವಾದ ಪ್ರವೇಶವು ಬೇಕೆಂದರು. ಮೊದಲಿನವರು ಮತಾಂತರವನ್ನು ಹೊಂದಿದವರಲ್ಲವಾದರೂ ಅವರ ನೋವು ಒಬದ್ಯನ ನೋವಿನ ಜಾತಿಯದೇ. ಮನೆಯೊಳಗೆ ಇದ್ದೇವೆಂದು ನಂಬಿದವರನ್ನು ಬಾಗಿಲಿಗೆ ಕರೆದು ಹೆಸರು ಕೇಳಿದಂತಾಯಿತು.

ಧರ್ಮಾಧಿಕಾರಿಗಳ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ. ಬೇತ್ಲೆಹೇಮು ಒಂದು ಹಳ್ಳಿ. ರೂತಳ ನಡತೆಯನ್ನು ಅಲ್ಲಿ ಒಂದು ಸುಗ್ಗಿಯುದ್ದಕ್ಕೂ ಎಲ್ಲರೂ ಕಂಡರು. ಹಲವು ದೇಶಗಳಲ್ಲಿ ಚದರಿರುವ ಜನಕ್ಕೆ ಅಂತಹ ಊರಬಾಗಿಲಿಲ್ಲ. ಒಂದು ಊರಿನ ಸಭೆ ಒಪ್ಪಿದವನನ್ನು ಇನ್ನೊಂದು ಊರು ನಂಬಬೇಕಾದರೆ ಪತ್ರವೂ ಕ್ರಮವೂ ಬೇಕು. ಕಾಣದುದಕ್ಕೆ ಬದಲಾಗಿ ಬಂದದ್ದು ಆ ಪತ್ರ. ಆದರೆ ಅದು ಕಂಡುದಕ್ಕೆ ಸಮನೆಂದು ಎಣಿಸಿದಾಗ, ಅಥವಾ ಕಂಡುದನ್ನು ಅಳಿಸುವ ಅಧಿಕಾರವನ್ನು ಅದಕ್ಕೆ ಕೊಟ್ಟಾಗ ಕೇಡು ಮೊದಲಾಗುತ್ತದೆ.

ಒಟ್ಟಿನಲ್ಲಿ ರೂತಳ ಗ್ರಂಥವು ಒಂದು ಅನುಕ್ರಮವನ್ನು ಹೇಳುತ್ತದೆ: ಮಾತು, ಮೌನ, ದುಡಿಮೆ, ಇತರರ ಕಣ್ಣು, ಊರಿನ ಒಪ್ಪಿಗೆ. ಶಾಸ್ತ್ರವು ಅನಿವಾರ್ಯವಾಗಿ ಒಪ್ಪಿಗೆಯನ್ನು ದುಡಿಮೆಗಿಂತ ಮುಂದಕ್ಕೆ ತಂದಿತು. ಆದುದರಿಂದಲೇ ಮನಸ್ಸನ್ನು ಅಳೆಯುವ ಅಸಾಧ್ಯವಾದ ಹೊಣೆ ಅದರ ತಲೆಯಮೇಲೆ ಬಿದ್ದಿತು. ಆ ಹೊಣೆಯನ್ನು ಹೊತ್ತವರಲ್ಲಿ ಶ್ರೇಷ್ಠರಾದವರು ಕಥೆಯ ನ್ಯಾಯವನ್ನು ಬೇರೊಂದು ರೀತಿಯಲ್ಲಿ ಉಳಿಸಿಕೊಂಡರು: ಬಾಗಿಲಿನಲ್ಲಿ ಬೆಲೆಯನ್ನು ಮುಚ್ಚಿಡದೆ ಹೇಳು, ಅತಿಯಾಗಿ ತಡೆಯಬೇಡ, ಒಳಗೆ ಬಂದವನನ್ನು ಮತ್ತೆ ಬಾಗಿಲಿಗೆ ಕರೆಯಬೇಡ. ಈ ಮೂರರಲ್ಲಿ ಕೊನೆಯದೇ ಕಠಿಣವೆಂಬುದನ್ನು ಇತಿಹಾಸವು ತೋರಿಸಿದೆ. ಬೇತ್ಲೆಹೇಮಿನ ಹಿರಿಯರು ರೂತಳ ಹೃದಯವನ್ನು ಕಂಡೆವೆಂದು ಹೇಳಿಕೊಳ್ಳಲಿಲ್ಲ. ತಾವು ಸಾಕ್ಷಿಗಳೆಂದು ಮಾತ್ರ ಹೇಳಿದರು. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.